ಹೆಂಗೂ ಬೀಳೂ ಹಲ್ಲು, ಆದ್ರ ಯಾವಾಗ?

ಮಕ್ಕಳ ಹುಳುಕು ಹಲ್ಲಿನ ಮಾತು ಬಂದರೆ ನಮ್ಮ ಹಾವೇರಿ ಜಿಲ್ಲೆಯ ಯಾವ ಮನೆಗೆ ಹೋದರೂ ಸಿಗೋ ಉತ್ತರ ಒಂದೇ: "ಹೆಂಗೂ ಬೀಳೂ ಹಲ್ಲ ಐತಿ, ಅದಕ್ಯಾಕ ಇಷ್ಟ ತಲಿ ಕೆಡಿಸ್ಕೋತಿ?" ಬ್ಯಾಡಗಿಯಲ್ಲಿ ನಮ್ಮಪ್ಪ ಹೇಳಿದ್ದು ಇದನ್ನೇ. ಹಾವೇರಿಯಲ್ಲಿ ನಮ್ಮ ಅತ್ತಿ ಹೇಳಿದ್ದೂ ಇದನ್ನೇ. ರಾಣೇಬೆನ್ನೂರಿನ ನಮ್ಮ ಓಣಿಯಲ್ಲಿ ಇದನ್ನು ಹೇಳದವರೇ ಇಲ್ಲ.

ಮಾತು ಸುಳ್ಳಲ್ಲ. ಹಾಲುಹಲ್ಲು ಅಂದ ಮೇಲೆ ಬೀಳೋದೇ. ಆದರೆ ಎಲ್ಲಾ ಹಾಲುಹಲ್ಲು ಒಟ್ಟಿಗೆ ಬೀಳಲ್ಲ. ಮುಂದಿನ ಹಲ್ಲು ಆರೇಳನೇ ವರ್ಷಕ್ಕೆ ಅಲ್ಲಾಡೋಕೆ ಶುರುವಾಗುತ್ತೆ. ಹಿಂದಿರೋ ದವಡೆ ಹಲ್ಲಿನ ಕತೆ ಬೇರೆ. ಮೇಲೆ ನಾಲ್ಕು, ಕೆಳಗೆ ನಾಲ್ಕು, ಒಟ್ಟು ಎಂಟು ಹಾಲು ದವಡೆ ಹಲ್ಲು ಇರುತ್ತವೆ. ಅವು ಬೀಳೋದು 9ರಿಂದ 12ನೇ ವರ್ಷದ ನಡುವೆ. ನನ್ನ ಮಗಳ ದವಡೆ ಹಲ್ಲು ಹುಳುಕಾದಾಗ ಅವಳಿಗೆ ಐದೂವರೆ ವರ್ಷ. ಅಂದರೆ "ಹೆಂಗೂ ಬೀಳೂ ಹಲ್ಲು" ಇನ್ನೂ ಐದಾರು ವರ್ಷ ಅವಳ ಬಾಯಲ್ಲಿ ಇರಬೇಕು. ಒಂದನೇ ಕ್ಲಾಸಿನಿಂದ ಹೆಚ್ಚುಕಡಿಮೆ ಆರನೇ ಕ್ಲಾಸಿನ ತನಕ ಅದರಲ್ಲೇ ಊಟ, ಅದರಲ್ಲೇ ನಿದ್ದೆ.

ಈ ಲೆಕ್ಕ ಗೊತ್ತಾದ ಮೇಲೆ ನಮ್ಮ ಮನೆಯಲ್ಲಿ ನಡೆದ ಚರ್ಚೆ, ಓಡಾಟ, ಖರ್ಚು ಎಲ್ಲವನ್ನೂ ನನ್ನಂಥ ಅಪ್ಪ-ಅಮ್ಮಂದಿರಿಗೆ ಹೇಳೋಣ ಅನಿಸಿತು. ಅದಕ್ಕೇ ಈ ಬರಹ.

ಕಿವಿ ನೋವು ಅಂದಳು

ನಾನು ರಾಣೇಬೆನ್ನೂರಿನಿಂದ ದಿನಾ ಹಾವೇರಿಗೆ ಕೆಲಸಕ್ಕೆ ಹೋಗಿ ಬರೋಳು. ರಜೆ ಬಂದರೆ ತವರುಮನೆ ಬ್ಯಾಡಗಿ. ನಮ್ಮವ್ವ ಮಾಡೋ ಕಟಕ ರೊಟ್ಟಿ ಅಂದರೆ ಮಗಳಿಗೆ ಜೀವ. ಆ ಸಲ ಹೋದಾಗ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಕೊಟ್ಟರೆ ಮಾತ್ರ ತಿಂತೀನಿ ಅಂದಳು. ಅದನ್ನೂ ಬಲಗಡೆಯಷ್ಟೇ ಅಗಿಯುತ್ತಿದ್ದಳು.

ಅದಾಗಿ ಮೂರನೇ ರಾತ್ರಿ ಒಂದು ಗಂಟೆಗೆ ಎದ್ದು ಕೂತು ಅಳು. "ಅವ್ವಾ, ಕಿವಿ ನೋಯಾಕತ್ತೈತಿ." ಎಡಗಿವಿ ಹಿಡಿದುಕೊಂಡಿದ್ದಳು. ಬೆಳಿಗ್ಗೆ ಕಿವಿ ನೋಡಿದ ಡಾಕ್ಟರು ಕಿವಿಯೊಳಗೆ ಏನೂ ಇಲ್ಲ ಅಂದು, ಬಾಯಿ ತೆಗೆಸಿ, ಕೆಳಗಿನ ದವಡೆಯ ಕೊನೇ ಹಲ್ಲು ತೋರಿಸಿದರು. ಕೆಳದವಡೆಯ ಹಲ್ಲಿನ ನೋವು ಕಿವಿಗೆ ಬಡಿಯೋದು ಸಾಮಾನ್ಯ ಅಂತೆ. ಚಿಕ್ಕ ಮಕ್ಕಳಿಗೆ ನೋವು ಇಂಥಲ್ಲೇ ಅಂತ ಬೆರಳಿಟ್ಟು ಹೇಳೋಕೆ ಬರಲ್ಲ.

ಮೇಲಿನಿಂದ ನೋಡಿದರೆ ಆ ಹಲ್ಲಿನಲ್ಲಿ ದೊಡ್ಡ ತೂತೇನೂ ಕಾಣುತ್ತಿರಲಿಲ್ಲ. ಪಕ್ಕದ ಹಲ್ಲಿಗೆ ತಾಗೋ ಜಾಗದಲ್ಲಿ ಒಂದು ಚೂರು ಅಂಚು ಮುರಿದಿತ್ತು, ಅಷ್ಟೇ.

ಒಬ್ಬರು ಕೀಳೋಣ ಅಂದರು, ಇನ್ನೊಬ್ಬರು ಎಂಟೂ ಹೋಗಿದೆ ಅಂದರು

ಮೊದಲು ಹೋದ ಕ್ಲಿನಿಕ್‌ನಲ್ಲಿ ಎರಡೇ ನಿಮಿಷ. ಎಕ್ಸ್‌ರೇ ಇಲ್ಲ, ಪ್ರಶ್ನೆ ಇಲ್ಲ. "ತೆಗೆದುಬಿಡೋಣ, ಬೇರೆ ಬರ್ತದೆ" ಅಂದರು. ಬೇರೆ ಊರಿನ ಎರಡನೇ ಕ್ಲಿನಿಕ್‌ನಲ್ಲಿ ಎಂಟೂ ದವಡೆ ಹಲ್ಲಿಗೆ ಟ್ರೀಟ್‌ಮೆಂಟ್ ಬೇಕು, ಎಲ್ಲಾ ಒಂದೇ ದಿನ, ಪೂರ್ತಿ ಅರಿವಳಿಕೆ ಕೊಟ್ಟು ಮಾಡಬೇಕು ಅಂದು ಎಸ್ಟಿಮೇಟ್ ಪ್ರಿಂಟ್ ಕೊಟ್ಟರು. ಮೊತ್ತ ನೋಡಿ ನಮ್ಮ ಯಜಮಾನರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟುಕೊಂಡರು. "ಒಬ್ರಿಗೆ ಏನೂ ಅಲ್ಲ, ಒಬ್ರಿಗೆ ಎಲ್ಲಾ ಹೋಗೈತಿ. ನಾವ್ ಯಾರನ್ನ ನಂಬೂದು?" ಅಂದರು.

ಪೂರ್ತಿ ಅರಿವಳಿಕೆ ಅನ್ನೋದು ತಪ್ಪಲ್ಲ. ತೀರಾ ಚಿಕ್ಕ ಮಕ್ಕಳು, ಬಾಯಿ ತುಂಬ ಹುಳುಕು ಇರೋ ಮಕ್ಕಳು, ಸುಮ್ಮನೆ ಕೂರಲಾಗದ ವಿಶೇಷ ಅಗತ್ಯದ ಮಕ್ಕಳಿಗೆ ಅದು ನಿಜವಾಗಲೂ ಬೇಕಾಗುತ್ತೆ. ನಮ್ಮ ಮಗಳು ಆ ಸಾಲಿಗೆ ಸೇರುತ್ತಾಳಾ ಅನ್ನೋದೇ ಪ್ರಶ್ನೆ.

ಅಷ್ಟರಲ್ಲಿ ಆಫೀಸಿನ ಗೆಳತಿಯೊಬ್ಬಳು ಒಂದು ಮಾತು ಹೇಳಿದಳು: "ಮಕ್ಕಳಿಗೇ ಬೇರೆ ಡೆಂಟಿಸ್ಟ್ ಇರ್ತಾರ, ಗೊತ್ತೈತಿಲ್ಲೋ?" ನನಗೆ ಅದು ಹೊಸದು. ಬಿ.ಡಿ.ಎಸ್. ಆದ ಮೇಲೆ ಮಕ್ಕಳ ಹಲ್ಲಿನ ಬಗ್ಗೆಯೇ ಮೂರು ವರ್ಷ ಎಂ.ಡಿ.ಎಸ್. ಓದಿದವರು. ಪೀಡೋಡಾಂಟಿಸ್ಟ್ ಅಂತಾರೆ. ಅಂಥವರೊಬ್ಬರು ವಾರಕ್ಕೆರಡು ದಿನ, ಸೋಮವಾರ ಮತ್ತು ಗುರುವಾರ, ಹಾವೇರಿಗೆ ಬರುತ್ತಿದ್ದರು. ಅಲ್ಲಿಗೆ ಹೋದೆವು.

ಮುರಿದು ನೋಡದೆ ರೇಟ್ ಹಾಕ್ತೀರೇನು?

ಅವರು ಮೊದಲು ಮಗಳ ಬಾಯಿ ನೋಡಲಿಲ್ಲ. ನನ್ನನ್ನು ಮೂರು ಪ್ರಶ್ನೆ ಕೇಳಿದರು.

ನೋವು ಸಿಹಿ, ತಣ್ಣನೆಯದು ತಿಂದಾಗ ಬಂದು ತಕ್ಷಣ ಹೋಗುತ್ತಾ, ಇಲ್ಲಾ ತಾನಾಗೇ ಬರುತ್ತಾ? ರಾತ್ರಿ ನಿದ್ದೆಯಿಂದ ಎಬ್ಬಿಸುತ್ತಾ? ಹಲ್ಲಿನ ಬುಡದಲ್ಲಿ, ಒಸಡಿನ ಮೇಲೆ ಗುಳ್ಳೆ ಎದ್ದಿದೆಯಾ?

ಈ ಮೂರು ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ ಅಂತ ಆಮೇಲೆ ತಿಳಿಸಿ ಹೇಳಿದರು. ತಿಂದಾಗ ಮಾತ್ರ ಚುಳ್ ಅಂದು ನಿಂತರೆ ಹಲ್ಲಿನೊಳಗಿನ ನರ ಸಿಟ್ಟಾಗಿದೆ, ಆದರೆ ಸುಧಾರಿಸಿಕೊಳ್ಳಬಹುದು. ತಾನಾಗೇ ನೋವು ಬಂದು ರಾತ್ರಿ ಎಬ್ಬಿಸಿದರೆ ನರ ಬಹಳ ಕೆಟ್ಟಿದೆ. ಗುಳ್ಳೆ ಎದ್ದಿದ್ದರೆ ಒಳಗೆ ಸತ್ತು ಸೋಂಕು ಬೇರಿಗಿಳಿದಿದೆ.

ಆಮೇಲೆ ಸಣ್ಣ ಎಕ್ಸ್‌ರೇ. ಬ್ಯಾಡಗಿಯಿಂದ ಬಂದಿದ್ದ ಅಪ್ಪ ಇಲ್ಲಿ ಗಂಟಲು ಸರಿಮಾಡಿಕೊಂಡರು. "ಹಾಲಹಲ್ಲಿಗೂ ಎಕ್ಸ್‌ರೇ ಬೇಕೇನ್ರಿ? ಹಲ್ಲ ಮ್ಯಾಲ ಚಲೋನ ಕಾಣತೈತಲ್ಲ?"

ಅಪ್ಪ ಮೆಣಸಿನಕಾಯಿ ವ್ಯವಹಾರದಲ್ಲಿ ಇರೋರು ಅಂತ ಮಾತಿನಲ್ಲಿ ಗೊತ್ತಾಗಿತ್ತು. ಡಾಕ್ಟರು ನಗುತ್ತಾ ಕೇಳಿದರು: "ಯಜಮಾನ್ರ, ಮಾರ್ಕೆಟ್‌ನ್ಯಾಗ ಡಬ್ಬಿ ಕಾಯಿ ಮ್ಯಾಲಿಂದಷ್ಟ ನೋಡಿ ರೇಟ್ ಹಾಕ್ತೀರೇನು?"

"ಹೆಂಗ ಹಾಕ್ತೀವ್ರಿ? ಮುರದ ನೋಡ್ಬೇಕು. ಮ್ಯಾಲ ಕೆಂಪಗ ಮಿಂಚ್ತಿರ್ತೈತಿ, ಒಳಗ ಬೂಷ್ಟ ಹಿಡದಿರ್ತೈತಿ."

"ಹಲ್ಲ ಮುರದ ನೋಡಾಕ ಬರಂಗಿಲ್ಲ. ಅದಕ್ಕ ಎಕ್ಸ್‌ರೇ."

ಅಪ್ಪ ಮತ್ತೆ ಅದರ ಬಗ್ಗೆ ಪ್ರಶ್ನೆ ಕೇಳಲಿಲ್ಲ. ಹೋಲಿಕೆ ಎಷ್ಟು ಸರಿ ಅಂತ ನನಗೆ ಎಕ್ಸ್‌ರೇ ನೋಡಿದಾಗ ಅರ್ಥವಾಯ್ತು. ಹಾಲುಹಲ್ಲಿನ ಮೇಲಿನ ಗಟ್ಟಿ ಪದರ, ಅಂದರೆ ಎನಾಮಲ್, ದೊಡ್ಡವರ ಹಲ್ಲಿಗಿಂತ ಬಹಳ ತೆಳು. ಒಳಗಿನ ನರದ ಕೋಣೆ ಮಾತ್ರ ಹಲ್ಲಿನ ಅಳತೆಗೆ ದೊಡ್ಡದು. ಎರಡು ದವಡೆ ಹಾಲುಹಲ್ಲು ಅಗಲವಾಗಿ ಅಂಟಿಕೊಂಡಿರುತ್ತವೆ. ಆ ಸಂದಿಯಲ್ಲಿ ಸಿಕ್ಕಿಕೊಂಡ ಬಿಸ್ಕೀಟು ಬ್ರಷ್‌ಗೆ ಸಿಗಲ್ಲ. ಹುಳುಕು ಸಂದಿಯಲ್ಲಿ ಶುರುವಾಗಿ ಒಳಗೊಳಗೇ ನರದ ಕಡೆ ಹೋಗುತ್ತೆ. ಮೇಲಿನ ಅಂಚು ಮುರಿದು ಕಣ್ಣಿಗೆ ಬೀಳೋ ಹೊತ್ತಿಗೆ ಎಷ್ಟೋ ಸಲ ಅದು ನರದ ಬಾಗಿಲಲ್ಲಿ ನಿಂತಿರುತ್ತೆ.

ಅಂದಹಾಗೆ ಇದು ನಮ್ಮ ಮನೆಯ ಕತೆಯಷ್ಟೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಪ್ರಕಾರ ಜಗತ್ತಿನಲ್ಲಿ ಸುಮಾರು 51 ಕೋಟಿ ಮಕ್ಕಳ ಹಾಲುಹಲ್ಲಿನಲ್ಲಿ ಚಿಕಿತ್ಸೆ ಕಾಣದ ಹುಳುಕು ಇದೆ.

ಎಂಟಲ್ಲ, ಮೂರು

ಎಕ್ಸ್‌ರೇ ನೋಡಿ ಡಾಕ್ಟರು ಲೆಕ್ಕ ಕೊಟ್ಟರು. ಟ್ರೀಟ್‌ಮೆಂಟ್ ಬೇಕಾದದ್ದು ಮೂರು ಹಲ್ಲಿಗೆ. ಮೂರಕ್ಕೂ ಬೇರೆ ಬೇರೆ.

ಮೇಲಿನ ಒಂದು ಹಲ್ಲಿನಲ್ಲಿ ಸಣ್ಣ ತೂತು. ಅದಕ್ಕೆ ಸಾದಾ ಸಿಮೆಂಟ್ ತುಂಬಿದರೆ ಸಾಕು. ಮೊದಲ ದಿನವೇ ಅದನ್ನು ಮುಗಿಸಿದರು, ಮಗಳಿಗೆ ಕುರ್ಚಿಯ ಭಯ ಹೋಗಲಿ ಅಂತ.

ಕೆಳಗೆ ಬಲಗಡೆ ಒಂದು ಹಲ್ಲು. ಹುಳುಕು ಆಳಕ್ಕೆ ಹೋಗಿದೆ, ಆದರೆ ನೋವಿಲ್ಲ, ಗುಳ್ಳೆ ಇಲ್ಲ, ಎಕ್ಸ್‌ರೇಯಲ್ಲಿ ನರದ ಮೇಲೆ ಇನ್ನೂ ಒಂದು ಪದರ ಉಳಿದಿದೆ. ಇದಕ್ಕೆ ಕೊರೆಯೋದೇ ಬೇಡ ಅಂದರು. ನನಗೆ ಆಶ್ಚರ್ಯ. ಹುಳುಕು ತೆಗೆಯದೆ ಹೇಗೆ?

ಅದಕ್ಕೆ ಹಾಲ್ ಟೆಕ್ನಿಕ್ ಅಂತ ಹೆಸರು. ಸ್ಕಾಟ್ಲೆಂಡಿನ ನಾರ್ನಾ ಹಾಲ್ ಅನ್ನೋ ಡೆಂಟಿಸ್ಟ್ ತಮ್ಮ ಕ್ಲಿನಿಕ್‌ನಲ್ಲಿ ವರ್ಷಗಟ್ಟಲೆ ಹೀಗೆ ಮಾಡುತ್ತಾ ಬಂದಿದ್ದರು. ಹುಳುಕಾದ ಹಾಲು ದವಡೆ ಹಲ್ಲನ್ನು ಕೊರೆಯದೆ, ಇಂಜೆಕ್ಷನ್ ಕೊಡದೆ, ಅಳತೆಗೆ ಸರಿಯಾದ ಸ್ಟೀಲ್ ಟೋಪಿಯೊಳಗೆ ಸಿಮೆಂಟ್ ತುಂಬಿ ಗಟ್ಟಿಯಾಗಿ ಒತ್ತಿ ಕೂರಿಸೋದು. ಒಳಗಿನ ಹುಳುಕಿನ ಸೂಕ್ಷ್ಮಜೀವಿಗಳಿಗೆ ಹೊರಗಿನಿಂದ ಸಕ್ಕರೆ ಸಿಗಲ್ಲ, ಉಪವಾಸ ಬೀಳ್ತವೆ, ಹುಳುಕು ಮುಂದೆ ಹೋಗೋದು ನಿಲ್ಲುತ್ತೆ. ಅವರ ದಾಖಲೆಗಳ ಅಧ್ಯಯನ 2006ರಲ್ಲಿ ಬ್ರಿಟನ್ನಿನ ದಂತವೈದ್ಯ ಪತ್ರಿಕೆಯಲ್ಲಿ ಬಂತು. ಆಮೇಲೆ ಪ್ರಯೋಗಗಳು ನಡೆದು, ಈಗ ಎಷ್ಟೋ ದೇಶಗಳಲ್ಲಿ ಬಳಸುತ್ತಾರೆ. ಷರತ್ತು ಒಂದೇ: ನರ ಆರೋಗ್ಯವಾಗಿರಬೇಕು. ರಾತ್ರಿ ನೋವು, ಗುಳ್ಳೆ ಇದ್ದ ಹಲ್ಲಿಗೆ ಟೋಪಿ ಮುಚ್ಚಿದರೆ ಒಳಗೆ ಕೀವು ಮುಚ್ಚಿಟ್ಟ ಹಾಗೆ.

ಮೂರನೇದು ಎಡಗಡೆಯ ಹಲ್ಲು. ಅವಳನ್ನು ರಾತ್ರಿ ಎಬ್ಬಿಸಿದ ಹಲ್ಲು. "ಇದರಾಗ ಎರಡ ದಾರಿ ಅದಾವ. ಯಾವುದು ಅಂತ ತೆಗದ ನೋಡಿದ ಮ್ಯಾಲ ಹೇಳ್ತೀನಿ" ಅಂದರು. ನರದ ಮೇಲ್ಭಾಗ ಮಾತ್ರ ಕೆಟ್ಟಿದ್ದರೆ ಅದನ್ನಷ್ಟೇ ತೆಗೆದು, ಬೇರಿನೊಳಗಿನ ಭಾಗ ಉಳಿಸಿ, ಮೇಲೆ ಔಷಧಿ ಸಿಮೆಂಟ್ ಇಟ್ಟು ಮುಚ್ಚೋದು. ಅದು ಪಲ್ಪಾಟಮಿ. ಮೇಲ್ಭಾಗ ತೆಗೆದ ಮೇಲೆ ಕೆಲವು ನಿಮಿಷ ಒತ್ತಿ ಹಿಡಿದರೆ ರಕ್ತ ನಿಲ್ಲಬೇಕು. ನಿಲ್ಲಲಿಲ್ಲ ಅಂದರೆ ಬೇರಿನ ನರವೂ ಕೆಟ್ಟಿದೆ ಅಂತ ಅರ್ಥ. ಆಗ ಬೇರಿನೊಳಗೆಲ್ಲ ಸ್ವಚ್ಛ ಮಾಡಿ ಪೇಸ್ಟ್ ತುಂಬಬೇಕು. ಅದು ಪಲ್ಪೆಕ್ಟಮಿ. ದೊಡ್ಡವರ ರೂಟ್ ಕೆನಾಲ್ ಇದ್ದ ಹಾಗೆ, ಆದರೆ ತುಂಬೋ ಪೇಸ್ಟ್ ಬೇರೆ. ಮುಂದೆ ಕೆಳಗಿನಿಂದ ಹೊಸ ಹಲ್ಲು ಬರುವಾಗ ಹಾಲುಹಲ್ಲಿನ ಬೇರು ಕರಗುತ್ತಲ್ಲ, ಅದರ ಜೊತೆ ಈ ಪೇಸ್ಟೂ ಕರಗಬೇಕು.

ಕಿತ್ತರೆ ಏನಾಗುತ್ತಿತ್ತು?

ಈ ಪ್ರಶ್ನೆ ಕೇಳಿದ್ದು ನಮ್ಮ ಯಜಮಾನರು. ಕೇಳಬೇಕಾದ ಪ್ರಶ್ನೆಯೇ. ಕೀಳೋದಕ್ಕೆ ಖರ್ಚು ಕಡಿಮೆ, ಒಂದೇ ದಿನದ ಕೆಲಸ.

ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದರು. ಆರನೇ ವರ್ಷಕ್ಕೆ ಎಲ್ಲಾ ಹಾಲುಹಲ್ಲಿನ ಹಿಂದೆ ಒಂದು ಹೊಸ ದವಡೆ ಹಲ್ಲು ಬರುತ್ತೆ. ಅದಕ್ಕಾಗಿ ಯಾವ ಹಲ್ಲೂ ಬೀಳಲ್ಲ, ಹಾಗಾಗಿ ಎಷ್ಟೋ ಮನೆಯಲ್ಲಿ ಅದನ್ನೂ ಹಾಲುಹಲ್ಲು ಅಂದುಕೊಳ್ಳುತ್ತಾರೆ. ಅದು ಜೀವಮಾನದ ಹಲ್ಲು. ಅದರ ಮುಂದಿರೋ ಹಾಲುಹಲ್ಲು ಗೋಡೆಯ ಹಾಗೆ ನಿಂತು ಅದಕ್ಕೆ ದಾರಿ ತೋರಿಸಬೇಕು. ಗೋಡೆ ಇಲ್ಲದಿದ್ದರೆ ಹೊಸ ಹಲ್ಲು ಮುಂದಕ್ಕೆ ವಾಲಿಕೊಂಡು ಆ ಜಾಗಕ್ಕೆ ಬಂದು ಕೂರುತ್ತೆ. ಹತ್ತು-ಹನ್ನೆರಡನೇ ವರ್ಷಕ್ಕೆ ಅಲ್ಲಿ ಬರಬೇಕಾದ ಹಲ್ಲಿಗೆ ಜಾಗ ಉಳಿಯಲ್ಲ. ಅದು ಒಳಗೇ ಸಿಕ್ಕಿಕೊಳ್ಳುತ್ತೆ, ಇಲ್ಲಾ ಓರೆಯಾಗಿ ಬರುತ್ತೆ.

ಹಾಗಂತ ಪ್ರತಿ ಹಲ್ಲನ್ನೂ ಉಳಿಸಲೇಬೇಕು ಅಂತೇನಿಲ್ಲ. ಬೇರಿನ ಸುತ್ತ ಮೂಳೆ ಕರಗಿದ್ದರೆ, ಮೇಲೆ ಏನೂ ಕೂರಿಸಲಾಗದಷ್ಟು ಹಲ್ಲು ಸವೆದಿದ್ದರೆ, ಹೊಸ ಹಲ್ಲು ಬರೋ ಕಾಲ ಹತ್ತಿರವಿದ್ದರೆ ಕೀಳೋದೇ ಸರಿ. ಬೇಗ ಕಿತ್ತರೆ ಮಾತ್ರ ಜಾಗ ಹಿಡಿದಿಡೋ ಒಂದು ತಂತಿಯ ಕೊಂಡಿ ಹಾಕಿಸಬೇಕಾಗಬಹುದು. ಸ್ಪೇಸ್ ಮೇಂಟೇನರ್ ಅಂತಾರೆ. ಹಲ್ಲು ಕೀಳೋ ಖರ್ಚಿಗೆ ಇದನ್ನೂ, ಮುಂದೆ ಬರಬಹುದಾದ ತಂತಿ ಕಟ್ಟಿಸೋ ಖರ್ಚನ್ನೂ ಸೇರಿಸಿದಾಗ ಕೀಳೋದು ಅಗ್ಗ ಅನಿಸಲಿಲ್ಲ. ಯಜಮಾನರು "ಉಳಸೂಣು" ಅಂದರು.

ಎರಡು ಸೋಮವಾರ, ಎರಡು ಗುರುವಾರ

ಬ್ಯಾಡಗಿ ಮಾರ್ಕೆಟ್ ಸೋಮವಾರ, ಗುರುವಾರ. ಡಾಕ್ಟರು ಬರೋದೂ ಅವೇ ದಿನ. ಸೀಸನ್ನಿನಲ್ಲಿ ಮಾರ್ಕೆಟ್ ಬಿಡೋದು ಅಂದರೆ ಅಪ್ಪನಿಗೆ ಸಣ್ಣ ಮಾತಲ್ಲ. ಆದರೂ ಮೊಮ್ಮಗಳು "ಅಜ್ಜ ಬಂದರ ಬಾಯಿ ತಗೀತೀನಿ" ಅಂದದ್ದಕ್ಕೆ ನಾಲ್ಕೂ ದಿನ ಬಂದರು. ಅಂಗಿಯಲ್ಲಿ ಮೆಣಸಿನಕಾಯಿ ಘಾಟು, ಕ್ಲಿನಿಕ್‌ನಲ್ಲಿ ಕೂತವರೆಲ್ಲ ಸೀನು.

ಮೊದಲ ಸೋಮವಾರ ಎಡಗಡೆ ಹಲ್ಲು. ಡಾಕ್ಟರು ಪ್ರತಿಯೊಂದನ್ನೂ ಮೊದಲು ಹೇಳಿ, ಆಮೇಲೆ ಅವಳ ಉಗುರಿನ ಮೇಲೆ ತೋರಿಸಿ, ಆಮೇಲೆ ಹಲ್ಲಿಗೆ ಮಾಡಿದರು. ಇಂಜೆಕ್ಷನ್ ಅನ್ನೋ ಪದ ಬಳಸಲೇ ಇಲ್ಲ. ಒಸಡಿಗೆ ಜೆಲ್ ಹಚ್ಚಿ "ಹಲ್ಲ ಮಲಗಸೋಣ" ಅಂದರು. ನೋವಾದರೆ ಎಡಗೈ ಎತ್ತು, ನಿಲ್ಲಿಸ್ತೀನಿ ಅಂದರು. ಎರಡು ಸಲ ಎತ್ತಿದಳು, ಎರಡೂ ಸಲ ನಿಜವಾಗಲೂ ನಿಲ್ಲಿಸಿದರು. ಮೂರನೇ ಸಲ ಅವಳು ಎತ್ತಲಿಲ್ಲ. ಮಗು ನಂಬೋದು ಮಾತನ್ನಲ್ಲ, ನಿಲ್ಲಿಸಿದ ಕೈಯನ್ನ ಅಂತ ಅವತ್ತು ಅನಿಸಿತು.

ರಕ್ತ ನಿಲ್ಲಲಿಲ್ಲ. ಪಲ್ಪೆಕ್ಟಮಿಯೇ ಆಯ್ತು. ಮುಕ್ಕಾಲು ತಾಸಿನ ಮೇಲೆ ಹಿಡಿಯಿತು. ಹೊರಡುವಾಗ ಡಾಕ್ಟರು ನನಗೆ ಹೇಳಿದ್ದು ಹಲ್ಲಿನ ಬಗ್ಗೆ ಅಲ್ಲ, ತುಟಿಯ ಬಗ್ಗೆ. "ಎರಡ್ಮೂರ ತಾಸು ತುಟಿ ಜೋಮು ಹಿಡದಿರ್ತೈತ್ರಿ. ಮಕ್ಕಳು ಆಟ ಅಂತ ಕಚ್ಚಿ ಕಚ್ಚಿ ಗಾಯ ಮಾಡ್ಕೋತಾರ." ರಾಣೇಬೆನ್ನೂರು ಮುಟ್ಟೋ ತನಕ ಬಸ್ಸಿನಲ್ಲಿ ನಾನು ನೋಡಿದ್ದು ಅವಳ ತುಟಿಯನ್ನು ಮಾತ್ರ. ಆ ರಾತ್ರಿ ಬೆಳಗಿನ ತನಕ ಮಲಗಿದಳು. ಎಷ್ಟೋ ದಿನದ ಮೇಲೆ ನಾವೂ ಮಲಗಿದೆವು.

ಗುರುವಾರ ಆ ಹಲ್ಲಿಗೆ ಸ್ಟೀಲ್ ಟೋಪಿ ಕೂರಿಸಿ, ಬಲಗಡೆ ಹಲ್ಲಿನ ಸಂದಿಯಲ್ಲಿ ಜಾಗ ಮಾಡೋಕೆ ಸಣ್ಣ ರಬ್ಬರ್ ಉಂಗುರ ಇಟ್ಟರು. ಮುಂದಿನ ಸೋಮವಾರ ಉಂಗುರ ತೆಗೆದು ಹಾಲ್ ಟೆಕ್ನಿಕ್ ಟೋಪಿ. ಹತ್ತು ನಿಮಿಷದ ಕೆಲಸ. ಕೆಲ ದಿನ ಹಲ್ಲು ಕಚ್ಚಿದರೆ ಎತ್ತರ ಅನಿಸುತ್ತಿತ್ತು. ಡಾಕ್ಟರು ಹೇಳಿದ್ದಂತೆ ಎರಡು ವಾರದಲ್ಲಿ ತಾನಾಗೇ ಹೊಂದಿಕೊಂಡಿತು.

ಅತ್ತಿಗೆ ಮಾತ್ರ ಸಮಾಧಾನ ಇರಲಿಲ್ಲ. "ಹೆಣ್ಣುಡುಗಿ, ನಕ್ಕರ ಬಾಯಾಗ ಸ್ಟೀಲ್ ಕಾಣತೈತಲ್ಲವಾ!" ಬಿಳಿ ಬಣ್ಣದ ಜಿರ್ಕೋನಿಯಾ ಟೋಪಿಯೂ ಸಿಗುತ್ತೆ. ದುಡ್ಡು ಜಾಸ್ತಿ, ಹಲ್ಲನ್ನೂ ಜಾಸ್ತಿ ಉಜ್ಜಿ ಸಣ್ಣದು ಮಾಡಬೇಕು. ನಾವು ಸ್ಟೀಲೇ ಸಾಕು ಅಂದೆವು. ಹಲ್ಲು ಬೀಳುವಾಗ ಟೋಪಿಯೂ ಜೊತೆಗೇ ಬೀಳುತ್ತೆ. ಮಗಳಂತೂ ಸ್ಕೂಲಿನಲ್ಲಿ "ನಂದು ಬೆಳ್ಳಿ ಹಲ್ಲು" ಅಂತ ಬಾಯಿ ತೆಗೆದು ತೋರಿಸಿ ಬಂದಿದ್ದಳು.

ತಪ್ಪು ಯಾರದು ಅನ್ನೋ ಲೆಕ್ಕ ಬಿಟ್ಟು

ಮಗುವಿನ ಹಲ್ಲು ಹುಳುಕಾದರೆ ಮನೆಯಲ್ಲಿ ಮೊದಲು ಶುರುವಾಗೋದು ತನಿಖೆ. ಅಜ್ಜಿ ಬೆಲ್ಲ ಕೊಟ್ಟಳು, ಅಪ್ಪ ಚಾಕ್ಲೇಟ್ ತಂದ, ಅವ್ವ ಕೆಲಸಕ್ಕೆ ಹೋಗ್ತಾಳೆ. ನಾವು ಆ ತನಿಖೆಗೆ ಹೋಗಲಿಲ್ಲ. ಮುಂದೆ ಏನು ಮಾಡಬೇಕು ಅಂತಷ್ಟೇ ಕೇಳಿಕೊಂಡೆವು.

ಎಷ್ಟು ಸಿಹಿ ಅನ್ನೋದಕ್ಕಿಂತ ದಿನಕ್ಕೆ ಎಷ್ಟು ಸಲ ಅನ್ನೋದು ಮುಖ್ಯ. ಪ್ರತಿ ಸಲ ತಿಂದಾಗಲೂ ಬಾಯಲ್ಲಿ ಆಮ್ಲ ಹುಟ್ಟಿ ಹಲ್ಲು ಕರಗೋಕೆ ಶುರುವಾಗುತ್ತೆ, ಎಂಜಲು ಅದನ್ನು ಸರಿಮಾಡೋಕೆ ಹೊತ್ತು ಬೇಕು. ಊಟದ ಜೊತೆ ಒಂದು ಶೇಂಗಾ ಉಂಡಿ ತಿಂದು ಮುಗಿಸಿದರೆ ಅಡ್ಡಿಯಿಲ್ಲ. ಚಹಾದಲ್ಲಿ ಅದ್ದಿದ ಬಿಸ್ಕೀಟು ತಾಸಿಗೊಮ್ಮೆ ಆದರೆ ಕಷ್ಟ. ಬೆಲ್ಲವೂ ಹಲ್ಲಿಗೆ ಸಕ್ಕರೆಯೇ. ರಾತ್ರಿ ಬ್ರಷ್ ಆದ ಮೇಲೆ ನೀರು ಬಿಟ್ಟು ಏನೂ ಇಲ್ಲ. ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ ಇರಲಿ. ಮೂರು ವರ್ಷದ ಒಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು. ಏಳೆಂಟು ವರ್ಷದ ತನಕ ಮಕ್ಕಳು ಉಜ್ಜಿದ ಮೇಲೆ ದೊಡ್ಡವರು ಇನ್ನೊಮ್ಮೆ ಉಜ್ಜಬೇಕು. ನಮ್ಮ ಮನೆಯಲ್ಲಿ ಅದು ಈಗ ಯಜಮಾನರ ಡ್ಯೂಟಿ.

ಖರ್ಚಿನ ಚಿಂತೆ ಇರೋರಿಗೆ ಒಂದು ಮಾತು. ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ ಮೊದಲು ವಿಚಾರಿಸಿ. ಅಂಗನವಾಡಿ ಮತ್ತು ಸರ್ಕಾರಿ ಶಾಲೆಗೆ ಬರೋ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಹುಳುಕು ಹಲ್ಲನ್ನೂ ನೋಡುತ್ತೆ. 2013ರಿಂದ ಈ ಕಾರ್ಯಕ್ರಮ ಇದೆ. ದಾವಣಗೆರೆ, ಧಾರವಾಡದ ಡೆಂಟಲ್ ಕಾಲೇಜುಗಳಲ್ಲಿ ಮಕ್ಕಳ ಹಲ್ಲಿಗೇ ಬೇರೆ ವಿಭಾಗ ಇದೆ. ನಮ್ಮ ಊರುಗಳಿಂದ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಕುರ್ಚಿಯಲ್ಲಿ ಕೂರದ ಪುಟ್ಟ ಮಕ್ಕಳಿಗೆ ಹುಳುಕಿನ ಮೇಲೆ ಹಚ್ಚೋ ಸಿಲ್ವರ್ ಡೈಅಮೈನ್ ಫ್ಲೋರೈಡ್ ಅನ್ನೋ ದ್ರವವೂ ಇದೆ. ಹಲ್ಲು ಕಪ್ಪಾಗುತ್ತೆ, ಆದರೆ ನೋವಿಲ್ಲದ ಹುಳುಕನ್ನು ಎಷ್ಟೋ ಸಲ ಅಲ್ಲೇ ನಿಲ್ಲಿಸುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ.

ಡಾಕ್ಟರ ಹತ್ತಿರ ಹೋದಾಗ ಇಷ್ಟನ್ನು ಕೇಳಿ: ಇದು ಯಾವ ಹಲ್ಲು, ಯಾವ ವಯಸ್ಸಿಗೆ ಬೀಳುತ್ತೆ? ಎಕ್ಸ್‌ರೇಯಲ್ಲಿ ನರದ ತನಕ ಹೋಗಿದೆಯಾ? ಕೊರೆಯದೆ ಆಗುತ್ತಾ? ಕಿತ್ತರೆ ಜಾಗ ಹಿಡಿಯೋದು ಹೇಗೆ? ಒಳ್ಳೆ ಡಾಕ್ಟರಿಗೆ ಈ ಪ್ರಶ್ನೆಗಳಿಂದ ಸಿಟ್ಟು ಬರಲ್ಲ. ಮುಖ ಊದಿಕೊಂಡು ಜ್ವರ ಬಂದರೆ ಮಾತ್ರ ಪ್ರಶ್ನೆ, ಚರ್ಚೆ ಎಲ್ಲಾ ಆಮೇಲೆ. ಅವತ್ತೇ ತೋರಿಸಬೇಕು.

ಈಗ ಕೈಯಲ್ಲಿರೋ ಫೋನಿಗೆ ಇನ್ನೊಂದು ಕೆಲಸ ಕೊಡಿ. ಇವತ್ತು ರಾತ್ರಿ ಬ್ರಷ್ ಆದ ಮೇಲೆ ಮಗುವನ್ನು ತೊಡೆಯ ಮೇಲೆ ಮಲಗಿಸಿ, ಟಾರ್ಚ್ ಹಾಕಿ, ದವಡೆ ಹಲ್ಲಿನ ಸಂದಿಗಳನ್ನು ನೋಡಿ. ಅಂಚು ಮುರಿದಿದೆಯಾ, ಎರಡು ಹಲ್ಲಿನ ನಡುವೆ ಕಂದು ಅಥವಾ ಬೂದು ನೆರಳು ಕಾಣುತ್ತಾ, ಒಸಡಿನ ಮೇಲೆ ಗುಳ್ಳೆ ಇದೆಯಾ? ಎರಡು ನಿಮಿಷ ಸಾಕು.